ವಂಶಾವಳಿಗಳ ಎರವಲು: ಗದಗು ಸೀಮೆಯ ಕೆಲವು ನಿದರ್ಶನಗಳು

ಗದಗಿನ ತ್ರಿಕೂಟೇಶ್ವರ ದೇವಾಲಯಕ್ಕೆ ಸಂಬಂಧಿಸಿದ ಎರಡು ಶಾಸನಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಓದಿದವರಿಗೆ ಒಂದು ಕುತೂಹಲಕರವಾದ ಸಂಗತಿ ಗೋಚರಿಸುತ್ತದೆ. ಮೊದಲನೆಯದು ಶಕವರ್ಷ 1113ರ ಜ್ಯೇಷ್ಠ ಬಹುಳ ಅಮಾವಾಸ್ಯೆಯ ಸೂರ್ಯಗ್ರಹಣದಂದು, ಎಂದರೆ ಕ್ರಿ.ಶ. 1191ರ ಜೂನ್ 23ರಂದು, ಸೇವುಣರ ಐದನೆಯ ಭಿಲ್ಲಮನು ಹಿರಿಯ ಹಂದಿಗೋಳವೆಂಬ ಗ್ರಾಮವನ್ನು ದೇವರಿಗೆ ಬಿಟ್ಟಾಗ ಹುಟ್ಟಿದುದು. ಎರಡನೆಯದು ಶಕವರ್ಷ 1114ರ ಮಾರ್ಗಶಿರ ಹುಣ್ಣಿಮೆಯ ಚಂದ್ರಗ್ರಹಣದಂದು, ಎಂದರೆ 1192ರ ನವೆಂಬರ್ 21ರಂದು, ಹೊಯ್ಸಳ ವೀರಬಲ್ಲಾಳನು ಲೊಕ್ಕಿಗುಂಡಿಯ ಬೀಡಿನಲ್ಲಿದ್ದು ಹೊಂಬಾಳಲು ಗ್ರಾಮವನ್ನು ಅದೇ ದೇವರಿಗೆ ಬಿಟ್ಟಾಗ ಹುಟ್ಟಿದುದು. ಎರಡು ದಾನಗಳ ನಡುವಿನ ಅಂತರ ಹದಿನೇಳು ತಿಂಗಳು ಮಾತ್ರ. ಆ ಹದಿನೇಳು ತಿಂಗಳಲ್ಲಿ ಬೆಳ್ವೊಲದ ಒಡೆತನ ಕೈಬದಲಾಯಿತು. ಭಿಲ್ಲಮನಿಗೆ ಬಲಗೈಯಂತಿದ್ದ ಜೈತ್ರಸಿಂಹನನ್ನು ಸಂಹರಿಸಿ ಕುಂತಳದ ಆಧಿಪತ್ಯವನ್ನು ಪಡೆದುದಾಗಿ ಬಲ್ಲಾಳನ ಶಾಸನವು ಹೇಳಿಕೊಳ್ಳುತ್ತದೆ. ಆದರೆ ಕೊಂದವನ ಕುಲವೂ ಸೋತವನ ಕುಲವೂ ಶಾಸನಗಳ ಪ್ರಕಾರ ಒಂದೇ. ಇಬ್ಬರೂ ಯದುವಿನ ಸಂತಾನ. ಇಬ್ಬರ ಮನೆತನದ ಬಿರುದುಗಳಲ್ಲಿಯೂ 'ದ್ವಾರಾವತೀಪುರವರಾಧೀಶ್ವರ' ಎಂಬುದುಂಟು. ಎರಡೂ ಶಾಸನಗಳಲ್ಲಿ ಕಾಣುವ ಸ್ಥಾನಾಚಾರ್ಯನು ಒಬ್ಬನೇ: ಸಿದ್ಧಾಂತಿ ಚಂದ್ರಭೂಷಣ ಪಂಡಿತದೇವ. 'ಸತ್ಯವಾಕ್ಯ'ನೆಂಬ ಎರಡನೆಯ ಹೆಸರಿದ್ದ ಈ ಪಂಡಿತನು ಎರಡು ವಂಶಾವಳಿಗಳನ್ನೂ ಒಂದೇ ಗುಡಿಯ ಆಶ್ರಯದಲ್ಲಿ ಕಾಪಾಡಿದನೆಂಬುದು ಗಮನಾರ್ಹ.

ಪರರ ವಂಶಾವಳಿಯನ್ನು ತಂದು ತನ್ನದಕ್ಕೆ ಜೋಡಿಸಿಕೊಳ್ಳುವಾಗ ಅದರೊಡನೆ ಬೇರೆ ಏನೇನು ಒಳಗೆ ಬರುತ್ತದೆ, ಜೋಡಣೆಯಾದ ಸ್ಥಳವನ್ನು ಅಭ್ಯಾಸಿಯು ಗುರುತಿಸುವ ಬಗೆ ಯಾವುದು, ಎಂಬುದನ್ನು ಈ ಸೀಮೆಯ ಸಾಮಗ್ರಿಯ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಪ್ರಶ್ನೆಗೆ ಈಗ ಹೊಸ ಪ್ರಸಕ್ತಿ ಬಂದಿದೆ. ಗಣಕಯಂತ್ರದಲ್ಲಿ ಮನೆತನದ ವಂಶವೃಕ್ಷವನ್ನು ರಚಿಸುವ ಹವ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿಯೂ ಗೃಹಸ್ಥರಲ್ಲಿಯೂ ಹಬ್ಬುತ್ತಿದೆ. ಬೇರೆಯವರು ಸಿದ್ಧಪಡಿಸಿದ ನೂರಾರು ಹೆಸರುಗಳ ಕಡತವನ್ನು ಕ್ಷಣಮಾತ್ರದಲ್ಲಿ ತನ್ನ ಕಡತದೊಳಗೆ ಇಳಿಸಿಕೊಳ್ಳುವ ಸೌಕರ್ಯವೂ ಆ ತಂತ್ರಾಂಶಗಳಲ್ಲಿದೆ. ಸಾಧನ ಹೊಸದು, ಕೃತ್ಯ ಮಾತ್ರ ಗದಗು, ಲಕ್ಷ್ಮೇಶ್ವರಗಳ ಕಲ್ಲುಗಳಷ್ಟು ಹಳೆಯದು.

ಹೊಯ್ಸಳರನ್ನೇ ಮೊದಲು ತೆಗೆದುಕೊಳ್ಳೋಣ. ಇವರು ಮಲೆನಾಡಿನ ಪಾಳೆಯಗಾರರಾಗಿ ತಲೆಯೆತ್ತಿದವರು. 'ಮಲೆಪರೊಳ್ಗಂಡ' ಎಂಬ ಬಿರುದೇ ಆ ಮೂಲವನ್ನು ಸಾರುತ್ತದೆ. ರಾಜ್ಯ ಬೆಳೆದಂತೆ ವಂಶಾವಳಿಯೂ ಮೇಲ್ಮುಖವಾಗಿ ಬೆಳೆಯಿತು. ವಿನಯಾದಿತ್ಯ, ಎರೆಯಂಗ, ವಿಷ್ಣುವರ್ಧನ, ನರಸಿಂಹ, ಬಲ್ಲಾಳ ಎಂಬ ಕ್ರಮವು ಹಲವು ಸ್ವತಂತ್ರ ಶಾಸನಗಳಿಂದ ಸಿದ್ಧವಾದುದು. ಅದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಯದುವಿನಿಂದ ಇಳಿದು ಬಂದ ಪಟ್ಟಿಯು ಪುರಾಣಗಳಿಂದ ತಂದುದು. ಅದೂ ತನ್ನ ಸ್ಥಾನದಲ್ಲಿ ಸುಸಂಗತವೇ. ಇವೆರಡನ್ನೂ ಕೂಡಿಸುವ ಕೊಂಡಿ ಶಶಕಪುರದ ಸಳ. ಹುಲಿ ಎರಗಿದಾಗ ಮುನಿಯು 'ಹೊಯ್ ಸಳ' ಎಂದನೆಂಬ ಕಥೆಯು ಆ ಕೊಂಡಿಯ ಮೇಲೆಯೇ ಕುಳಿತಿದೆ. ಇದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಎರಡು ಪಟ್ಟಿಗಳು ಎಲ್ಲಿ ಸೇರುತ್ತವೆಯೋ ಅಲ್ಲಿ ದಾಖಲೆಯ ಬದಲು ಕಥೆ ಬರುವುದು ವಂಶಾವಳಿಗಳ ಸಾಮಾನ್ಯ ಲಕ್ಷಣ.

ಕಲ್ಯಾಣದ ಚಾಳುಕ್ಯರ ವಿಷಯದಲ್ಲಿ ಬೆಸುಗೆ ಇನ್ನೂ ನಯವಾಗಿದೆ. ಬೆಳ್ವೊಲ ಮೂನೂರು, ಪುಲಿಗೆರೆ ಮೂನೂರು ಕೂಡಿ 'ಎರಡರುನೂರು' ಎನಿಸಿದ ಈ ಸೀಮೆ ಅವರ ರಾಜ್ಯದ ಹೃದಯಭಾಗವಾಗಿತ್ತು. 1009ರ ಕೌಠೇಂ ತಾಮ್ರಪಟಗಳು ಅಯೋಧ್ಯೆಯಲ್ಲಿ ಆಳಿದ ಐವತ್ತೊಂಬತ್ತು ಅರಸರಿಂದ ಆರಂಭಿಸಿ ಬಾದಾಮಿಯ ಪುಲಕೇಶಿಯ ವಂಶವನ್ನು ಹೇಳಿ, ಇಮ್ಮಡಿ ವಿಕ್ರಮಾದಿತ್ಯನಿಗೆ ಭೀಮನೆಂಬ ಒಬ್ಬ ತಮ್ಮನನ್ನು ಕೊಟ್ಟು, ಅವನ ಸಂತತಿಯಲ್ಲಿ ತೈಲಪನನ್ನು ತಂದು ನಿಲ್ಲಿಸುತ್ತವೆ. ಭೀಮನಿಂದ ತೈಲಪನವರೆಗೆ ಎಂಟು ಹೆಸರುಗಳು. ಬಾದಾಮಿಯ ಅರಸೊತ್ತಿಗೆ ಎಂಟನೆಯ ಶತಮಾನದ ನಡುವೆ ಅಳಿಯಿತು. ತೈಲಪನ ಉದಯ 973ರಲ್ಲಿ. ತಲೆಮಾರುಗಳ ಲೆಕ್ಕ ಅಸಂಭವವೇನೂ ಅಲ್ಲ. ಆದುದರಿಂದಲೇ ಪರೀಕ್ಷೆ ಕಷ್ಟವಾಗುತ್ತದೆ. ರಾಮಕೃಷ್ಣ ಗೋಪಾಲ ಭಂಡಾರಕರರು ಈ ಸಂಬಂಧವನ್ನು ಶಂಕಿಸಿದರು. ಅವರು ಹಿಡಿದ ಹಾದಿ ಗಮನಿಸತಕ್ಕದ್ದು: ಹೆಸರುಗಳನ್ನು ಎಣಿಸುವುದರ ಬದಲು, ಬಾದಾಮಿಯವರು ತಪ್ಪದೆ ಹೇಳುತ್ತಿದ್ದ ಮಾನವ್ಯಗೋತ್ರ, ಹಾರಿತೀಪುತ್ರ ಎಂಬ ವಿಶೇಷಣಗಳು ಈ ನಂತರದವರ ಲೇಖಗಳಲ್ಲಿ ಅದೇ ರೀತಿಯಲ್ಲಿ ಮುಂದುವರಿಯುತ್ತವೆಯೇ ಎಂದು ಅವರು ನೋಡಿದರು. ಎರವಲು ತಂದವನು ದೊಡ್ಡ ಹೆಸರುಗಳನ್ನು ತರುತ್ತಾನೆ. ಮನೆಯೊಳಗಿನ ರೂಢಿಯನ್ನು ತರುವುದನ್ನು ಮರೆಯುತ್ತಾನೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ನಕಲು ಎಂದ ಮಾತ್ರಕ್ಕೆ ಕೃತ್ರಿಮವೆಂದು ಬಗೆಯಲಾಗದು. ಲಕ್ಷ್ಮೇಶ್ವರದ ಶಂಖಬಸದಿಗೆ ಸಂಬಂಧಿಸಿದ, ಫ್ಲೀಟ್ ಪಂಡಿತರು 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದ ಶಿಲಾಲೇಖವು ಇದಕ್ಕೆ ಉತ್ತಮ ನಿದರ್ಶನ. ಆ ಕಲ್ಲಿನ ಮೇಲೆ ಶಕವರ್ಷ 890ರ ಗಂಗ ಮಾರಸಿಂಹನ ದಾನವಿದೆ. ಅದರೊಡನೆಯೇ ಅದಕ್ಕಿಂತ ಮೂರು ಶತಮಾನಗಳಷ್ಟು ಹಿಂದಿನ ದಾನಗಳೂ ಇವೆ: ಸೇಂದ್ರಕ ದುರ್ಗಶಕ್ತಿಯದು, ಚಾಳುಕ್ಯ ವಿನಯಾದಿತ್ಯ, ವಿಜಯಾದಿತ್ಯ, ಇಮ್ಮಡಿ ವಿಕ್ರಮಾದಿತ್ಯರವು. ಲಿಪಿ ಮಾತ್ರ ಏಳು ಎಂಟನೆಯ ಶತಮಾನದ್ದಲ್ಲ, ಬಹಳ ಈಚಿನದು. ಇವು ಕೃತ್ರಿಮವೋ, ಹಳೆಯ ತಾಮ್ರಪಟಗಳ ಪ್ರತಿಗಳೋ ಎಂಬ ಪ್ರಶ್ನೆಯನ್ನು ಫ್ಲೀಟರೇ ಎತ್ತಿದರು. ನಮ್ಮ ಅಭಿಪ್ರಾಯದಲ್ಲಿ, ಬಸದಿಯವರು ತಮ್ಮ ಬಳಿಯಿದ್ದ ಚೆದುರಿದ ಪತ್ರಗಳನ್ನು ಒಂದೆಡೆ ಸೇರಿಸಿ ಕಲ್ಲಿಗೆ ಇಳಿಸಿಕೊಂಡರೆಂದು ತಿಳಿಯುವುದು ಹೆಚ್ಚು ಸಹಜ. ದುರ್ಗಶಕ್ತಿಯ ಲೇಖದಲ್ಲಿ ಅವನ ತಂದೆ ಕುಂದಶಕ್ತಿ, ಅಜ್ಜ ವಿಜಯಶಕ್ತಿ ಎಂಬ ಚಿಕ್ಕ ವಂಶಾವಳಿಯಿದೆ. ಪುಲಿಗೆರೆಯ ಬಸದಿಗೆ ಸೇಂದ್ರಕರ ಅಜ್ಜನ ಹೆಸರನ್ನು ಕಲ್ಪಿಸಿಕೊಳ್ಳುವುದರಿಂದ ಹತ್ತನೆಯ ಶತಮಾನದಲ್ಲಿ ಆಗಬೇಕಾದ ಲಾಭವೇನು? ಭೂಮಿಯ ಮೇರೆಗಳ ವಿಷಯದಲ್ಲಿ ಸಂಶಯಪಡಬಹುದು, ಮೇರೆಯಲ್ಲಿ ಲಾಭವಿದೆ. ಒಂದೇ ಕಲ್ಲಿನ ಒಂದೇ ಲೇಖದಲ್ಲಿ ಒಂದು ಭಾಗ ನಂಬಲು ಯೋಗ್ಯವಾಗಿ, ಇನ್ನೊಂದು ಭಾಗ ವಿಚಾರಣೆಗೆ ಯೋಗ್ಯವಾಗಿ ಇರಬಹುದು. ಇಡಿಯಾಗಿ ಸ್ವೀಕರಿಸುವವನೂ ಇಡಿಯಾಗಿ ತಿರಸ್ಕರಿಸುವವನೂ ಇಲ್ಲಿ ಒಂದೇ ಬಗೆಯ ಆಲಸ್ಯಕ್ಕೆ ಒಳಗಾಗುತ್ತಾರೆ. ಗಂಗರ ತಾಮ್ರಪಟಗಳನ್ನು ಬಹುತೇಕ ಕೃತ್ರಿಮವೆಂದು ತಳ್ಳಿಹಾಕಿದ್ದ ಫ್ಲೀಟರು ಪೆನುಗೊಂಡೆಯ ಪಟಗಳು ದೊರೆತ ಮೇಲೆ ಅವನ್ನು ಪ್ರಾಮಾಣಿಕವೆಂದು ಒಪ್ಪಿದುದು ಅವರ ವಿದ್ವತ್ತಿಗೆ ಶೋಭೆ ತಂದ ಸಂಗತಿ.

ಹಾಗಾದರೆ ಜೋಡಣೆ ದೃಢವಾಗುವುದು ಯಾವಾಗ? ಎರಡು ಸಾಕ್ಷಿಗಳು ಪರಸ್ಪರ ನೋಡಿ ಬರೆದವಲ್ಲವೆಂದು ತೋರಿದಾಗ. ಈ ಸೀಮೆಯ ಭಾಗ್ಯದಿಂದ ಅದಕ್ಕೂ ಉದಾಹರಣೆಯಿದೆ. ಪಂಪನು ತನ್ನ ಕಾವ್ಯದಲ್ಲಿ ತನ್ನ ಪೂರ್ವಿಕರನ್ನು ಹೇಳಿಕೊಂಡಿದ್ದಾನೆ. ಪುಲಿಗೆರೆಯ ತಿರುಳ್ಗನ್ನಡದ ಅಭಿಮಾನವೂ ಅವನದೇ. ಅವನ ತಮ್ಮ ಜಿನವಲ್ಲಭನು ಈಗಿನ ತೆಲಂಗಾಣದ ಕುರ್ಕ್ಯಾಲದಲ್ಲಿ ಬಂಡೆಯ ಮೇಲೆ ಬರೆಯಿಸಿದ ಶಾಸನವು ಕಾವ್ಯದಿಂದ ಸ್ವತಂತ್ರವಾಗಿ ಆ ಮನೆತನವನ್ನು ಹೇಳುವುದಲ್ಲದೆ, ಕಾವ್ಯದಲ್ಲಿಲ್ಲದ ಒಂದು ಸಂಗತಿಯನ್ನೂ ಕೊಡುತ್ತದೆ: ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೆರೆಯ ಜೋಯಿಸ ಸಿಂಘನ ಮನೆಯವಳು. ಪಂಪನಿಗೂ ಈ ಸೀಮೆಗೂ ಇದ್ದ ನಂಟಿನ ಕಾರಣ ಅಲ್ಲಿ ತಾನಾಗಿ ಹೊರಬಿತ್ತು. ಅದೇ ರೀತಿ ಅತ್ತಿಮಬ್ಬೆಯ ವಿಷಯದಲ್ಲಿ ರನ್ನನ 'ಅಜಿತಪುರಾಣ' ಒಂದು ಕಡೆಯಿಂದಲೂ ಲಕ್ಕುಂಡಿಯ 1007ರ ಶಾಸನವು ಇನ್ನೊಂದು ಕಡೆಯಿಂದಲೂ ಬೆಳಕು ಚೆಲ್ಲುತ್ತವೆ. ಇಲ್ಲಿ ಸಳನಂತಹ ಕಥೆ ಬೇಕಾಗಿಲ್ಲ.

ಅರಸರ ಕಾಲ ಮುಗಿದ ಮೇಲೆ ವಂಶಾವಳಿಯ ಹಂಗು ಸಾಮಾನ್ಯ ಮನೆತನಗಳಿಗೂ ಬಂದಿತು. ಇನಾಮು ಭೂಮಿಗಳ ವಿಚಾರಣೆಗಾಗಿ 1852ರ ಹನ್ನೊಂದನೆಯ ಕಾಯಿದೆಯನ್ನು ಇಂಗ್ಲಿಷರು ಜಾರಿಗೆ ತಂದರು. ಅದರ ನಿಯಮಗಳಲ್ಲಿ ಒಂದರಂತೆ, ಇಂಗ್ಲಿಷ್ ಆಡಳಿತ ಬರುವುದಕ್ಕಿಂತ ಅರುವತ್ತು ವರ್ಷ ಮೊದಲಿನಿಂದ ಅಖಂಡವಾಗಿ ಅನುಭವಿಸಿದ ಇನಾಮು, ಮೂಲ ದಾನ ಪಡೆದವನ ಪುರುಷಸಂತತಿಯ ಮೊಮ್ಮಗ ಅಥವಾ ಅವನ ವಾರಸದಾರನ ಕೈಯಲ್ಲಿದ್ದರೆ ಮುಂದುವರಿಯತಕ್ಕದ್ದು. ಎಂದರೆ, ಮೂರು ತಲೆಮಾರುಗಳ ಕುರ್ಸಿನಾಮೆ ಸರಿಯಾಗಿ ಕೂಡಿದರೆ ಹೊಲ ಉಳಿಯಿತು. ಒಂದು ಕೊಂಡಿ ಕಳಚಿದರೆ ಹೊಲ ಹೋಯಿತು. ಧಾರವಾಡ ಪ್ರಾಂತದ ದೇಸಾಯಿ, ಪಾಟೀಲ, ಕುಲಕರ್ಣಿ ಮನೆಗಳ ಗಂಟುಗಳಲ್ಲಿ ಈಗಲೂ ದೊರೆಯುವ ವಂಶಾವಳಿಗಳಲ್ಲಿ ಅನೇಕವು ಇಂತಹ ವಿಚಾರಣೆಗಳ ಒತ್ತಡದಲ್ಲಿ ಸಿದ್ಧವಾದವೆಂಬುದನ್ನು ಓದುಗನು ಮರೆಯಬಾರದು. ಹೆಣ್ಣುಮಕ್ಕಳು ಅವುಗಳಲ್ಲಿ ಕಾಣದಿರುವುದಕ್ಕೂ, ಸಂತಾನವಿಲ್ಲದೆ ಸತ್ತವರ ಹೆಸರು ಒಮ್ಮೊಮ್ಮೆ ಮಾಯವಾಗುವುದಕ್ಕೂ, ದತ್ತಕನು ಔರಸನಂತೆ ನಿಲ್ಲುವುದಕ್ಕೂ ಕಾರಣ ಅಲ್ಲಿದೆ.

ದತ್ತಕದ ಪ್ರಶ್ನೆ ಎಷ್ಟು ದಾರುಣವಾಗಬಹುದೆಂಬುದಕ್ಕೆ ನರಗುಂದವೇ ಸಾಕ್ಷಿ. ಅಲ್ಲಿನ ಭಾಸ್ಕರರಾವ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ಮಗನನ್ನು ದತ್ತು ತೆಗೆದುಕೊಳ್ಳಲು ಕೇಳಿದ ಅನುಮತಿ ದೊರೆಯಲಿಲ್ಲ. 1858ರ ಬಂಡಾಯಕ್ಕೆ ಇದ್ದ ಕಾರಣಗಳಲ್ಲಿ ಅದು ಮುಖ್ಯವಾದುದು. ಅದೇ ಬೇಸಗೆಯಲ್ಲಿ ಮುಂಡರಗಿಯ ಭೀಮರಾಯನು ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದನು. ವಂಶವೃಕ್ಷದಲ್ಲಿ ಎಳೆಯಬೇಕಾಗಿದ್ದ ಒಂದು ಗೆರೆಯನ್ನು ಸರಕಾರವು ಎಳೆಯಗೊಡದೆ ಹೋದುದರಿಂದ ಒಂದು ಸಂಸ್ಥಾನವೇ ಅಳಿಯಿತು.

ಅದೇ ಕಾಲಕ್ಕೆ ಶಿರಹಟ್ಟಿಯು ಸಾಂಗಲಿಯ, ಲಕ್ಷ್ಮೇಶ್ವರವು ಮೀರಜದ ಪಟವರ್ಧನರ ಆಳಿಕೆಯಲ್ಲಿದ್ದವು; ಗದಗು, ಮುಂಡರಗಿಗಳು ಇಂಗ್ಲಿಷರಲ್ಲಿದ್ದವು. 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೂ ಇದೇ ಸ್ಥಿತಿ. ಆದ್ದರಿಂದ ಒಂದೇ ಮನೆತನದ ಅಣ್ಣನ ಕವಲಿನ ಕಾಗದಗಳು ಒಂದು ದಫ್ತರದಲ್ಲಿ, ತಮ್ಮನ ಕವಲಿನವು ಇನ್ನೊಂದರಲ್ಲಿ, ಕೆಲವು ಮೋಡಿ ಲಿಪಿಯ ಮರಾಠಿಯಲ್ಲಿ, ಕೆಲವು ಕನ್ನಡದಲ್ಲಿ ಉಳಿದಿವೆ. ಅಭ್ಯಾಸಿಗೆ ಇದು ತೊಂದರೆಯೆಂದು ತೋರಿದರೂ ವಾಸ್ತವವಾಗಿ ಅನುಕೂಲವೇ. ಬೇರೆ ಬೇರೆ ಸರಕಾರಗಳಿಗೆ ಬೇರೆ ಬೇರೆ ಕಾರಣಗಳಿಗಾಗಿ ಕೊಟ್ಟ ಹೇಳಿಕೆಗಳು ಕೂಡಿಬಂದರೆ ಅವಕ್ಕೆ ಬೆಲೆ ಹೆಚ್ಚು.

ಸರಕಾರದ ಹಂಗಿಲ್ಲದೆ ಒಕ್ಕಲು ಮನೆತನಗಳ ವಂಶಾವಳಿಯನ್ನು ಕಾಯ್ದುಕೊಂಡು ಬಂದವರು ಹೆಳವರು. ಕಾಲಿಲ್ಲದ ಮೂಲಪುರುಷನಿಗೆ ಎತ್ತು ವಾಹನವಾಯಿತೆಂದು ಅವರ ಐತಿಹ್ಯ. ಸುಗ್ಗಿಯ ತರುವಾಯ ಎತ್ತನ್ನೇರಿ ಗಂಟೆಯ ಸದ್ದಿನೊಡನೆ ಊರಿಗೆ ಬಂದು, ಮನೆಯ ಮುಂದೆ ನಿಂತು, ಮೂಲಪುರುಷನಿಂದ ಹಿಡಿದು ಈಗಿನ ಕೂಸಿನವರೆಗೆ ಹೆಸರುಗಳನ್ನು ಹೇಳಿ, ಹುಟ್ಟಿದವರನ್ನು ಹೊಸದಾಗಿ ಬರೆದುಕೊಂಡು, ಕಾಳು ಬಟ್ಟೆ ಹಣ ಪಡೆದು ಮುಂದಿನ ಊರಿಗೆ ಹೋಗುವರು. ಯಾವ ಊರಿನ ಯಾವ ಮನೆತನ ಯಾವ ಹೆಳವನಿಗೆ ಸೇರಿದುದೆಂಬ ಹಂಚಿಕೆ ಅವರಲ್ಲಿ ವಂಶಪಾರಂಪರ್ಯವಾದುದು. ಮನೆತನವು ಮೂಲದಲ್ಲಿ ಎಲ್ಲಿಂದ ಬಂತು, ಬೆಡಗು ಯಾವುದು, ಕವಲೊಡೆದವರು ಎಲ್ಲಿ ನೆಲೆಸಿದರು ಎಂಬ ವಿವರ ಅವರ ಹೊತ್ತಗೆಗಳಲ್ಲಿರುತ್ತದೆ. ಬರದಲ್ಲಿ ಊರು ಬಿಟ್ಟವರ ಸುಳಿವು ಎಷ್ಟೋ ಸಲ ಅಲ್ಲಿ ಮಾತ್ರ ಸಿಗುತ್ತದೆ. ಹೊತ್ತಗೆ ಜೀರ್ಣವಾದಾಗ ಹೆಳವನು ಹೊಸದಕ್ಕೆ ಪ್ರತಿ ಮಾಡುವನು. ಸೋದರರು ಪಾಲಾದಾಗ ಒಂದು ಹೊತ್ತಗೆ ಎರಡಾಗುವುದು. ಇದರಿಂದ ಒಂದು ಮಾತು ತಾನಾಗಿ ಸಿದ್ಧವಾಗುತ್ತದೆ: ಅಣ್ಣ ಹೆಳವನ ಹೊತ್ತಗೆಯೂ ತಮ್ಮ ಹೆಳವನ ಹೊತ್ತಗೆಯೂ ಒಂದೇ ಹೆಸರನ್ನು ಹೇಳಿದರೆ, ಪಾಲಾಗುವುದಕ್ಕೆ ಮುಂಚಿನ ತಲೆಮಾರುಗಳ ಮಟ್ಟಿಗೆ ಅವು ಒಂದೇ ಸಾಕ್ಷಿ, ಎರಡಲ್ಲ.

ಈಗ ಗಣಕಯಂತ್ರಕ್ಕೆ ಬರೋಣ. ವಂಶವೃಕ್ಷಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸಲು ಗೆಡ್ಕಾಮ್ ಎಂಬ ಪದ್ಧತಿಯನ್ನು ಅಮೆರಿಕದ ಮಾರ್ಮನ್ ಚರ್ಚಿನವರು 1984ರಲ್ಲಿ ರೂಪಿಸಿದರು. 2021ರಲ್ಲಿ ಅದರ ಏಳನೆಯ ಆವೃತ್ತಿ ಬಂದಿತು. ಅದರಲ್ಲಿ ಪ್ರತಿಯೊಬ್ಬ ವ್ಯಕ್ತಿಗೂ ಪ್ರತಿಯೊಂದು ಕುಟುಂಬಕ್ಕೂ ಒಂದೊಂದು ಅಂಕಿತ. ಹುಟ್ಟು, ಮದುವೆ, ಸಾವುಗಳಿಗೆ ಸಾಲುಗಳು. ಆಧಾರವನ್ನು ಬರೆಯುವುದಕ್ಕೂ, ಮಗು ಔರಸನೋ ದತ್ತಕನೋ ಎಂದು ಸೂಚಿಸುವುದಕ್ಕೂ ಸ್ಥಾನವಿದೆ. ನರಗುಂದದ ಕಾಲದಲ್ಲಿ ಸರಕಾರ ಕೊಡದ ಗೆರೆಯನ್ನು ಈ ಪದ್ಧತಿ ಕೊಡುತ್ತದೆ. ಆದರೆ ಬಹುಮಂದಿ ಆಧಾರದ ಸಾಲನ್ನು ಬರಿದಾಗಿಯೇ ಬಿಡುತ್ತಾರೆ. ಹಾಗೆ ಬಿಟ್ಟ ಕಡತವನ್ನು ಮತ್ತೊಬ್ಬನು ಇಳಿಸಿಕೊಂಡು, ಅವನಿಂದ ಮೂರನೆಯವನು ಪಡೆದಾಗ, ಮೂರು ಕಡೆ ಒಂದೇ ಹೆಸರು ಕಂಡು ಓದುಗನು ನಿಜವೆಂದು ನಂಬುತ್ತಾನೆ.

ನಮ್ಮ ಸೀಮೆಯ ಹೆಸರುಗಳಿಗೆ ಈ ಯಂತ್ರವು ಹೊಂದುವುದೂ ಕಷ್ಟವೇ. ಇಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದು ರೂಢಿ; ಬಸಪ್ಪನ ಮಗ ವಿರೂಪಾಕ್ಷಪ್ಪ, ಅವನ ಮಗ ಮತ್ತೆ ಬಸಪ್ಪ. ಹುಟ್ಟಿದ ವರ್ಷವಿಲ್ಲದ ಕಡತಗಳನ್ನು ಕೂಡಿಸುವಾಗ ತಂತ್ರಾಂಶವು ಇಬ್ಬರು ಬಸಪ್ಪಂದಿರನ್ನು ಒಬ್ಬನೆಂದು ಸೂಚಿಸುವುದುಂಟು. ಒಪ್ಪಿದರೆ ಎರಡು ತಲೆಮಾರುಗಳು ನಷ್ಟ. ಶಿರಹಟ್ಟಿಯ ಸುತ್ತ ಫಕೀರೇಶ್ವರನ ಭಕ್ತಿಯಿಂದ ಫಕೀರಪ್ಪ, ಫಕೀರವ್ವ ಎಂಬ ಹೆಸರುಗಳು, ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನಿಂದ ಸೋಮಪ್ಪ, ಮುಂಡರಗಿಯಲ್ಲಿ ಅನ್ನದಾನೀಶ್ವರನಿಂದ ಅನ್ನದಾನಪ್ಪ ಎಂಬವು ಮನೆಮನೆಯಲ್ಲಿ ದೊರೆಯುತ್ತವೆ. ಇಂತಹ ಹೆಸರು ಸಾಮ್ಯವಾದುದರಿಂದ ರಕ್ತಸಂಬಂಧ ಸಿದ್ಧಿಸದು. ಊರು ಮಾತ್ರ ಒಂದಿಷ್ಟು ಸೂಚಿತವಾಗುವುದು.

ಅಡ್ಡಹೆಸರು ಇನ್ನೂ ಹೆಚ್ಚಿನ ಮೋಸಗಾರ. ಪಾಟೀಲ, ಕುಲಕರ್ಣಿ, ದೇಸಾಯಿ ಎಂಬವು ಅಧಿಕಾರದ ಹೆಸರುಗಳು. ಒಂದೊಂದು ಊರಿನಲ್ಲಿ ಒಂದೊಂದು ಕುಲಕ್ಕೆ ಸೇರಿದವು. ಊರ ಹೆಸರನ್ನು ಹೊತ್ತವರ ವಿಷಯ ವಿನೋದಕರವಾದುದು. ಮುಳಗುಂದ ಎಂಬ ಅಡ್ಡಹೆಸರಿನವರನ್ನು ಮುಳಗುಂದದಲ್ಲಿ ಹುಡುಕುವುದು ವ್ಯರ್ಥಶ್ರಮ. ಆ ಊರನ್ನು ಬಿಟ್ಟು ಬೆಟಗೇರಿಗೆ ಬಂದು ನೇಯ್ಗೆಗೋ ವ್ಯಾಪಾರಕ್ಕೋ ನಿಂತವನಿಗೆ ಇಲ್ಲಿಯ ಜನ ಆ ಹೆಸರು ಕೊಡುತ್ತಾರೆ. ಊರಲ್ಲುಳಿದ ಅವನ ದಾಯಾದಿಗಳು ಅಂಗಡಿಯವರೋ ಬಡಿಗೇರರೋ ಆಗಿರಬಹುದು. ಅಡ್ಡಹೆಸರು ಒಂದೇ ಇದ್ದವರನ್ನು ಕೂಡಿಸಿ, ಬೇರೆಯಾದವರನ್ನು ಬಿಡುವ ಯಂತ್ರವು ಇಲ್ಲಿ ಕೂಡಿಸಬಾರದವರನ್ನು ಕೂಡಿಸಿ, ಕೂಡಿಸಬೇಕಾದವರನ್ನು ಬಿಡುತ್ತದೆ.

ಆದುದರಿಂದ ಪರರ ಕಡತವನ್ನು ಮೊದಲು ಪ್ರತ್ಯೇಕವಾಗಿಯೇ ತೆರೆದು, ಅದು ಯಾರದು, ಯಾವ ದಿನ ಪಡೆದುದು, ಅವರಿಗೆ ಎಲ್ಲಿಂದ ಬಂದುದು ಎಂಬುದನ್ನು ಬರೆದಿಟ್ಟು, ತನ್ನ ಮನೆತನಕ್ಕೆ ತಾಗುವ ಒಬ್ಬ ವ್ಯಕ್ತಿಯನ್ನು ಮಾತ್ರ ಪರೀಕ್ಷಿಸುವುದು ಒಳ್ಳೆಯದು. ಅವನೊಬ್ಬನು ಸ್ಥಿರನಾದರೆ ಅವನ ಮೇಲಿನ ಹೆಸರುಗಳನ್ನು, ಅವುಗಳ ಆಧಾರಸಹಿತವಾಗಿ, ಒಂದೊಂದಾಗಿ ತರಬಹುದು. ಕಂದಾಯ ಇಲಾಖೆಯವರು ವಾರಸೆಗಾಗಿ ಕೊಡುವ ವಂಶವೃಕ್ಷವು ಬದುಕಿರುವ ಹಕ್ಕುದಾರರನ್ನು ಗುರುತಿಸಲು ಹುಟ್ಟಿದ ಪತ್ರ. ಅದನ್ನು ಅಷ್ಟರ ಮಟ್ಟಿಗೆ ಮಾತ್ರ ಬಳಸತಕ್ಕದ್ದು. ಸಾಕ್ಷಿಗಳು ಭಿನ್ನವಾದಾಗ ಒಂದನ್ನು ಅಳಿಸಿಹಾಕುವ ಚಪಲ ಬೇಡ. ಆರಂಭದಲ್ಲಿ ಹೇಳಿದ ಭಿಲ್ಲಮನನ್ನೇ ನೋಡಿ: ಗದಗಿನ ಶಾಸನವು ಅವನನ್ನು ಕರ್ಣನ ಮಗನೆಂದು ಹೇಳುತ್ತದೆ, ಹೇಮಾದ್ರಿಯ ಪ್ರಶಸ್ತಿಯಲ್ಲಿ ಕರ್ಣನ ಹೆಸರೇ ಇಲ್ಲ, ಭಿಲ್ಲಮನು ಬಲ್ಲಾಳನೆಂಬ ಸೇವುಣ ಅರಸನ ಚಿಕ್ಕಪ್ಪನಾಗಿ ಬರುತ್ತಾನೆ. ಶಾಸನವು ಅವನ ಕಾಲದ್ದು. ಹೇಮಾದ್ರಿ ಮುಂದಿನ ಶತಮಾನದವನು. ನಾವು ಶಾಸನಕ್ಕೆ ಹೆಚ್ಚು ಬೆಲೆ ಕೊಡುತ್ತೇವೆ. ಹಾಗೆಂದು ಹೇಮಾದ್ರಿಯ ಹೇಳಿಕೆಯನ್ನು ತೆಗೆದುಹಾಕಿದರೆ, ನಾಳೆ ಮೂರನೆಯ ಸಾಕ್ಷಿ ದೊರೆತಾಗ ತೂಗಿ ನೋಡುವುದಕ್ಕೆ ತಕ್ಕಡಿಯ ಒಂದು ತಟ್ಟೆಯೇ ಇಲ್ಲದಾಗುತ್ತದೆ.

ಕೊನೆಯದಾಗಿ, ನಮ್ಮ ವಿದ್ಯಾರ್ಥಿಗಳು ಬೇಸಗೆಯ ರಜೆಯಲ್ಲಿ ಕೈಗೊಳ್ಳಬಹುದಾದ ಒಂದು ಕೆಲಸವಿದೆ. ವಂಶಾವಳಿಗಳು ಗಂಡುಮಕ್ಕಳ ಸಾಲನ್ನೇ ಹಿಡಿಯುವುದರಿಂದ, ಮನೆಗೆ ಬಂದ ಸೊಸೆಯ ತವರನ್ನು ಯಾರೂ ವಿಚಾರಿಸುವುದಿಲ್ಲ. ಆದರೆ ಮುಂಡರಗಿಯ ಮನೆಗೆ ಲಕ್ಷ್ಮೇಶ್ವರದಿಂದ ಹೆಣ್ಣು ತಂದಿದ್ದರೆ, ಆ ತವರುಮನೆಯ ಹೆಳವನು ಬೇರೆಯವನು, ಅವನ ಹೊತ್ತಗೆಯೂ ಬೇರೆ. ಮಗಳನ್ನು ಯಾವ ಊರಿನ ಯಾರ ಮನೆಗೆ ಕೊಟ್ಟರೆಂಬುದನ್ನು ಅವನು ಬರೆದುಕೊಂಡಿದ್ದರೆ, ಮುಂಡರಗಿಯ ವಂಶಾವಳಿಯನ್ನು ಎಂದೂ ನೋಡದ ಒಬ್ಬ ಸಾಕ್ಷಿ ದೊರೆತಂತಾಯಿತು. ಅಜ್ಜಿಯಂದಿರ ತವರೂರುಗಳ ಪಟ್ಟಿಯನ್ನು ಅವರು ಬದುಕಿರುವಾಗಲೇ ಅವರ ಬಾಯಿಂದ ಕೇಳಿ ಬರೆದುಕೊಂಡು, ಆ ಊರುಗಳಿಗೆ ಬರುವ ಹೆಳವರನ್ನು ಕಾಣುವುದರಿಂದ ಈ ಶೋಧನೆ ಆರಂಭವಾಗಬಹುದು.